ಗಾಡಿ ಎಲ್ಲಿ ನಿಂದ್ರಸ್ತಿ?

ಕ್ಯಾರವಾನ್ ಬಾಡಿಗೆಗೆ ಕೊಡುವ ಯಾರಿಗಾದರೂ ಒಮ್ಮೆ ಫೋನ್ ಮಾಡಿ ನೋಡಿ. ಎಸಿ ಇದೆಯಾ? ಇದೆ. ಟಿವಿ? ಇದೆ. ಫ್ರಿಜ್, ಮೈಕ್ರೋವೇವ್, ಬಿಸಿನೀರಿನ ಶವರ್, ಹೊರಗೆ ಕೂತು ಕಾಫಿ ಕುಡಿಯೋಕೆ ಮಡಚೋ ಕುರ್ಚಿ? ಎಲ್ಲಾ ಇದೆ. ಸರಿ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸೋದು? ಇಲ್ಲಿ ಆ ಕಡೆಯ ದನಿ ಸ್ವಲ್ಪ ತಡವರಿಸುತ್ತದೆ. 'ಅಲ್ಲೇ ಯಾವುದಾದರೂ ರೆಸಾರ್ಟಿನವರ ಹತ್ರ ಮಾತಾಡಿಕೊಂಡ್ರೆ ಆಯ್ತು.'

ಅಂದರೆ ದಿನಕ್ಕೆ ಐದಂಕಿ ಬಾಡಿಗೆ ಕೊಟ್ಟು, ಮಲಗೋ ಮನೆಯನ್ನೇ ಜೊತೆಗೆ ಒಯ್ದು, ಆ ಮನೆಯನ್ನು ನಿಲ್ಲಿಸೋಕೆ ರೆಸಾರ್ಟಿನ ಕಾಂಪೌಂಡಿಗೆ ಮತ್ತೆ ದುಡ್ಡು ಕಟ್ಟಬೇಕು. ರೆಸಾರ್ಟಿಗೇ ಹೋಗೋದಾದರೆ ಕಾರು ಸಾಕಲ್ಲ?

ನಾನು ಈ ವಿಷಯಕ್ಕೆ ತಲೆ ಹಾಕಿದ್ದು ರೀಲ್ಸ್ ನೋಡಿ ಅಲ್ಲ. ನಮ್ಮೂರು ಪಾಮನಕಲ್ಲೂರು, ರಾಯಚೂರು ಜಿಲ್ಲೆ, ಮಸ್ಕಿ ತಾಲ್ಲೂಕು. ಅವ್ವ ಈವರೆಗೆ ಸಮುದ್ರ ನೋಡಿಲ್ಲ. ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವಿದೆ. ಲಿಂಗಸೂಗೂರು, ಕುಷ್ಟಗಿ, ಗದಗ, ಹುಬ್ಬಳ್ಳಿ, ಯಲ್ಲಾಪುರ ಹಾಯ್ದು ಅರಬೈಲು ಘಟ್ಟ ಇಳಿದು ಹೊನ್ನಾವರ ಮುಟ್ಟೋಕೆ ನಾನೂರು ಕಿಲೋಮೀಟರ್ ಹತ್ತಿರ. ಈ ನಾನೂರು ಕಿಲೋಮೀಟರಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಎಲ್ಲೆಲ್ಲಿ ಇಳಿದು ಮರ್ಯಾದೆಯಿಂದ ಶೌಚಕ್ಕೆ ಹೋಗಬಹುದು ಅಂತ ಲೆಕ್ಕ ಹಾಕಿ ನೋಡಿ. ಗಂಡಸರಾದರೆ ಈ ಲೆಕ್ಕ ಹಾಕೋ ಅಭ್ಯಾಸವೇ ನಿಮಗಿರೋದಿಲ್ಲ. ಎಷ್ಟೋ ಹೆಂಗಸರು ಪ್ರವಾಸದ ಹಿಂದಿನ ದಿನವೇ ನೀರು ಕುಡಿಯೋದು ಕಡಿಮೆ ಮಾಡ್ತಾರೆ. ಕ್ಯಾರವಾನ್‌ನಲ್ಲಿ ನನಗೆ ಬೇಕಾಗಿದ್ದು ಎಸಿ ಅಲ್ಲ, ಟಾಯ್ಲೆಟ್ಟು.

ಕಾಸರಕೋಡಿಗೆ ಹೋಗೋಣ ಅಂತ ಪ್ಲಾನ್. ಕೇರಳದ ಕಾಸರಗೋಡಲ್ಲ, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಸಿಗೋ ಕಾಸರಕೋಡು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತಲ್ಲ, ಅದರಲ್ಲಿ ನಮ್ಮ ರಾಜ್ಯದವು ಎರಡು, ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ನೀರಿನ ಪರೀಕ್ಷೆ, ಶೌಚಾಲಯ, ಜೀವರಕ್ಷಕರು, ಗಾಲಿಕುರ್ಚಿ ಹೋಗೋ ದಾರಿ, ಹೀಗೆ ಮೂವತ್ತಮೂರು ಷರತ್ತು ಪೂರೈಸಿದರೆ ಮಾತ್ರ ಆ ಬಾವುಟ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆ ಕಡಲತೀರ ಸಿಗೋದು ಕಷ್ಟ.

ಅವ್ವನಿಗೆ ಫೋನಿನಲ್ಲಿ ಗಾಡಿಯ ಫೋಟೋ ತೋರಿಸಿ ಎಲ್ಲಾ ವಿವರಿಸಿದೆ. ಆಕೆ ಕೇಳಿದ್ದು ಮೂರೇ ಮಾತು.

'ಇಷ್ಟು ದೊಡ್ಡ ಗಾಡಿ ರಾತ್ರಿ ಎಲ್ಲಿ ನಿಂದ್ರಸ್ತಿ? ನೀರು ಯಾರು ಕೊಡ್ತಾರ? ಹೊಲಸು ಎಲ್ಲಿ ಚೆಲ್ತಾರ?'

ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್‌ಗಳಿಗೂ ಕ್ಯಾರವಾನ್ ಪಾರ್ಕುಗಳಿಗೂ ಒಂದು ನೀತಿ ಅಂತ ಮಾಡಿ ಒಂದೂವರೆ ದಶಕ ಆಗುತ್ತಾ ಬಂತು. ನಮ್ಮ ರಾಜ್ಯದ 2020-25ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಇತ್ತು. ಪಕ್ಕದ ಕೇರಳ 2021ರಲ್ಲಿ 'ಕೇರವಾನ್ ಕೇರಳ' ಅಂತ ಹೆಸರಿಟ್ಟು ವಾಗಮಣ್‌ನಲ್ಲಿ ಪಾರ್ಕೂ ತೆರೆಯಿತು. ಇಷ್ಟೆಲ್ಲಾ ಆದಮೇಲೂ, ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ನಮ್ಮ ಕರಾವಳಿಗೆ ಗಾಡಿ ತಗೊಂಡು ಹೋಗ್ತೀನಿ ಅಂದರೆ ಆ ಮೂರು ಪ್ರಶ್ನೆಗೆ ಸಿಗೋ ಉತ್ತರ 'ಅಲ್ಲೇ ಮಾತಾಡಿಕೊಂಡ್ರೆ ಆಯ್ತು'. ನೀತಿ ಮಾಡುವವರ ಕಣ್ಣಿಗೆ ಗಾಡಿ ಬಿದ್ದಿದೆ, ಗಾಡಿ ನಿಲ್ಲೋ ನೆಲ ಬಿದ್ದಿಲ್ಲ. ಗಾಡಿಯನ್ನು ರಿಬ್ಬನ್ ಕತ್ತರಿಸಿ ಉದ್ಘಾಟನೆ ಮಾಡಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಹೊಲಸು ಚೆಲ್ಲೋ ಗುಂಡಿಯ ಪಕ್ಕ ಯಾವ ಮಂತ್ರಿ ನಿಲ್ತಾನೆ?

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಗಾಡಿಯಲ್ಲೇ ಉಂಡು ಗಾಡಿಯಲ್ಲೇ ಮಲಗೋದು ಅಂದರೆ ಏನೋ ಈಗ ಹೊಸದಾಗಿ ಹೊರದೇಶದಿಂದ ಬಂದ ಸಂಗತಿ ಅನ್ನೋ ಹಾಗೆ ಮಾತಾಡ್ತಾರೆ. ನಮ್ಮ ಕಡೆಯವರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋಗಿ, ಎತ್ತು ಬಿಚ್ಚಿ ಮೇವು ಹಾಕಿ, ಬಂಡಿಯ ಕೆಳಗೆ ಒಲೆ ಹೂಡಿ, ಅಲ್ಲೇ ಎರಡು ದಿನ ಇದ್ದು ಬರ್ತಿದ್ದರು. ಅದಕ್ಕೆ ಬಿಡಾರ ಅಂತ ಹೆಸರೂ ಇದೆ. ಈಗ ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಕ್ರೂಸರ್ ಬಂತು. ಡಿಸೆಂಬರ್ ಜನವರಿಯಲ್ಲಿ ಮುರುಡೇಶ್ವರ, ಗೋಕರ್ಣ, ಮಲ್ಪೆ ಕಡೆ ಹೋದರೆ ನೋಡಿ: ರಾಯಚೂರು, ಕೊಪ್ಪಳ, ಬಾಗಲಕೋಟೆಯ ಕ್ರೂಸರುಗಳು, ಟೆಂಪೋಗಳು. ಮೇಲೆ ಕ್ಯಾರಿಯರಿನಲ್ಲಿ ಹಾಸಿಗೆ ಗಂಟು, ಗ್ಯಾಸ್ ಒಲೆ, ದೊಡ್ಡ ಪಾತ್ರೆ. ಒಳಗೆ ಹದಿನೈದು ಮಂದಿ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಬುತ್ತಿ ಮುಗಿದ ಮೇಲೆ ರಸ್ತೆ ಬದಿಯಲ್ಲೇ ಅನ್ನ, ಸಾರು. ಅರ್ಧ ಜನ ಗಾಡಿಯಲ್ಲಿ, ಅರ್ಧ ಜನ ದೇವಸ್ಥಾನದ ಕಟ್ಟೆಯಲ್ಲಿ ನಿದ್ದೆ. ಇದು ಕ್ಯಾರವಾನ್ ಅಲ್ಲದೆ ಇನ್ನೇನು? ಆದರೆ ಇವರು ಒಲೆ ಹಚ್ಚಿದರೆ ಗಲೀಜು, 'ಘಟ್ಟದ ಮೇಲಿನವರು ಬಂದ್ರು' ಅಂತ ಮೂಗು ಮುರಿಯೋದು. ಅದೇ ಒಲೆಯನ್ನು ಐದಂಕಿ ಬಾಡಿಗೆಯ ಗಾಡಿಯಿಂದ ಹೊರಗೆ ಎಳೆದು ಬೇಕನ್ ಹುರಿದರೆ ಅನುಭವ ಪ್ರವಾಸೋದ್ಯಮ.

ಇನ್ನೊಂದು ಥರದ ಮನೆಸಮೇತ ಪ್ರಯಾಣವೂ ನಮ್ಮಲ್ಲಿದೆ, ಅದಕ್ಕೆ ಗುಳೆ ಅಂತಾರೆ. ಜೋಳದ ಚೀಲ, ಸ್ಟೌ, ಕೊಡ, ಮಕ್ಕಳು, ಮುದುಕರು ಎಲ್ಲರನ್ನೂ ಹೇರಿಕೊಂಡು ಬೆಂಗಳೂರಿಗೆ ಬರೋ ಗಾಡಿ. ನೀವು ವಾಸ ಮಾಡೋ ಅಪಾರ್ಟ್‌ಮೆಂಟನ್ನು ಕಟ್ಟುವಾಗ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ಕಡೆಯವರೇ ಇದ್ದಿರಬಹುದು. ಆ ಬಿಡಾರಕ್ಕೂ ನೀರು ಎಲ್ಲಿಂದ, ಹೊಲಸು ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಇದನ್ನು ಇಲ್ಲಿ ಎಳೆದು ತರೋದು ಜಾಸ್ತಿಯಾಯ್ತು ಅನ್ನುವವರು ಅನ್ನಲಿ.

ಲಾರಿ ಚಾಲಕರ ವಿಷಯ ಅಂತೂ ಹೇಳಲೇಬೇಕು. ಈ ದೇಶದಲ್ಲಿ ವರ್ಷಪೂರ್ತಿ ಗಾಡಿಯಲ್ಲೇ ಮಲಗುವವರು ಅಂದರೆ ಅವರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತಲ್ಲ, ಅದು ಬಿದ್ದಿದ್ದು ರಸ್ತೆ ಬದಿಯ ಒಂದು ಚಹಾದಂಗಡಿಯ ಮೇಲೆ, ಅಲ್ಲಿ ನಿಂತಿದ್ದ ಗಾಡಿಗಳ ಮೇಲೆ. ಕೇರಳದ ಒಬ್ಬ ಚಾಲಕನ ದೇಹ, ಲಾರಿಯ ಸಮೇತ, ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಗುಡ್ಡ ಕಡಿದ ರೀತಿಯ ಬಗ್ಗೆ ಆಗ ಬೇಕಾದಷ್ಟು ಚರ್ಚೆ ಆಯಿತು, ಆಗಬೇಕಾದದ್ದೇ. ನಾನು ಕೇಳೋದು ಇನ್ನೊಂದು ಪ್ರಶ್ನೆ. ಅಷ್ಟು ಉದ್ದದ ಕರಾವಳಿ ಹೆದ್ದಾರಿಯಲ್ಲಿ ಒಬ್ಬ ಚಾಲಕ ಗಾಡಿ ನಿಲ್ಲಿಸಿ, ಮುಖ ತೊಳೆದು, ನಾಲ್ಕು ತಾಸು ನಿಶ್ಚಿಂತೆಯಿಂದ ಮಲಗೋಕೆ ಸಾರ್ವಜನಿಕ ಜಾಗಗಳು ಎಷ್ಟಿವೆ? ಚಹಾದಂಗಡಿಯ ಪಕ್ಕ ಅವರು ಶೋಕಿಗೆ ನಿಲ್ಲಿಸೋದಿಲ್ಲ. ಬೇರೆ ಕಡೆ ಇಲ್ಲ ಅಂತ ನಿಲ್ಲಿಸ್ತಾರೆ.

ಹೊರದೇಶದ ಮಾತು ಬಂದಿದ್ದರಿಂದ ಅದನ್ನೂ ನೋಡೋಣ. ಅಮೆರಿಕದ ಆರ್‌ವಿ ಸಂಸ್ಕೃತಿ ಅಂತ ಇಲ್ಲಿ ಹೊಗಳುವವರು ಬಸ್ಸಿನಷ್ಟು ದೊಡ್ಡ ಗಾಡಿಯನ್ನು ಮಾತ್ರ ನೋಡ್ತಾರೆ. ಆ ಗಾಡಿ ಓಡಾಡೋದು ಯಾಕೆ ಸಾಧ್ಯ ಅಂದರೆ ಸರ್ಕಾರಿ ಪಾರ್ಕುಗಳು ಇರೋದರಿಂದ. ಮೇರಿಲ್ಯಾಂಡ್ ರಾಜ್ಯದ ಅಸಟೀಗ್ ಕಡಲತೀರವನ್ನೇ ತಗೊಳ್ಳಿ, ಕಾಡುಕುದುರೆಗಳಿಗೆ ಹೆಸರಾದ ಜಾಗ. ಅಟ್ಲಾಂಟಿಕ್ ಸಾಗರದ ದಂಡೆಯ ಮರಳುದಿಬ್ಬದ ಹಿಂದೆ ನಂಬರು ಹಾಕಿದ ಬಿಡಾರದ ಜಾಗಗಳಿವೆ. ಒಂದು ಮೇಜು, ಬೆಂಕಿ ಹಾಕೋ ಕಬ್ಬಿಣದ ಬಳೆ, ಹತ್ತಿರದಲ್ಲೇ ಸ್ನಾನದ ಮನೆ, ಕೆಲವು ಜಾಗಗಳಿಗೆ ಕರೆಂಟು, ಗಾಡಿಯ ಹೊಲಸು ಖಾಲಿ ಮಾಡೋಕೆ ಒಂದು ಕಡೆ ವ್ಯವಸ್ಥೆ. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು, ಅದು ಬೇರೆ ಮಾತು. ಆದರೆ ಹರಕು ಟೆಂಟಿನವನಿಗೂ ಕೋಟಿ ರೂಪಾಯಿ ಗಾಡಿಯವನಿಗೂ ಗೇಟು ಒಂದೇ, ಸ್ನಾನದ ಮನೆ ಒಂದೇ. ನ್ಯೂಜಿಲೆಂಡಿನಲ್ಲಿ ಸಿಕ್ಕಸಿಕ್ಕಲ್ಲಿ ಗಾಡಿ ನಿಲ್ಲಿಸಿ ಗಲೀಜು ಮಾಡುವವರ ಕಾಟ ಜಾಸ್ತಿಯಾಗಿ, 2023ರಲ್ಲಿ ಕಾನೂನು ತಂದು, ಗಾಡಿಯೊಳಗೆ ಕದಲದ ಹಾಗೆ ಕೂರಿಸಿದ ಶೌಚಾಲಯ ಇದ್ದರೆ ಮಾತ್ರ 'ಸ್ವಯಂಪೂರ್ಣ' ಅಂತ ಒಪ್ಪಿಕೊಳ್ಳೋ ಹಾಗೆ ಮಾಡಿದರು. ಅಲ್ಲೆಲ್ಲ ಸರ್ಕಾರ ತಲೆ ಕೆಡಿಸಿಕೊಂಡಿರೋದು ನಮ್ಮವ್ವ ಕೇಳಿದ ಪ್ರಶ್ನೆಗಳಿಗೇ.

ಹೊಲಸಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಜಾಹೀರಾತಿನಲ್ಲಿ ಇದು ಇರೋದಿಲ್ಲ. ಇಂಥ ಗಾಡಿಗೆ ಮೂರು ಟ್ಯಾಂಕ್. ಒಂದರಲ್ಲಿ ಒಳ್ಳೆ ನೀರು. ಇನ್ನೊಂದಕ್ಕೆ ಸ್ನಾನದ, ಪಾತ್ರೆ ತೊಳೆದ ನೀರು ಹೋಗುತ್ತೆ. ಮೂರನೆಯದು ಶೌಚದ್ದು. ನಾಲ್ಕು ಜನ ಎರಡು ದಿನ ಇದ್ದರೆ ಮೊದಲನೆಯದು ಖಾಲಿ, ಉಳಿದೆರಡು ಭರ್ತಿ. ಮೂರನೆಯದರ ವಾಸನೆ ತಡೆಯೋಕೆ ಹಾಕೋ ರಾಸಾಯನಿಕಗಳಲ್ಲಿ ಕೆಲವು ಸೆಪ್ಟಿಕ್ ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ, ಹಾಗಾಗಿ ಯಾರದೋ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಬಿಟ್ಟರೂ ತೊಂದರೆ. ಮರಳಿನ ಮೇಲೆ ಚೆಲ್ಲಿದರೆ? ಕಡಲ ಹತ್ತಿರದ ಮರಳು ನೆಲದಲ್ಲಿ ಸಿಹಿನೀರು ಇರೋದು ಕೆಲವೇ ಅಡಿ ಕೆಳಗೆ, ಮನೆಮನೆಯ ಬಾವಿಯಲ್ಲಿ. ಇವತ್ತು ನೀವು ಚೆಲ್ಲಿದ್ದು ಮೀನುಗಾರರ ಬಾವಿಗೆ ಇಳಿಯೋಕೆ ಎಷ್ಟು ಹೊತ್ತು ಬೇಕು?

ನೀರಿನ ವಿಷಯದಲ್ಲಿ ನಮ್ಮೂರಿನವರಿಗೆ ಪಾಠ ಹೇಳೋ ಅಗತ್ಯವಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ಕೊನೆಯಲ್ಲಿ ರೈತರು ಪಾಮನಕಲ್ಲೂರಿನಲ್ಲೇ ಧರಣಿ ಕೂತರು. ತಿಂಗಳುಗಟ್ಟಲೆ ನಡೆದ ಆ ಧರಣಿ 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಯ ದೊಡ್ಡ ಮಾತೇ ಆಗಿಹೋಯಿತು. ಬೋರಿಗೆ ಸವಳು ನೀರು ಬಿದ್ದರೆ ಮನೆಯ ಮುಖವೇ ಸಣ್ಣದಾಗೋದನ್ನು ನೋಡಿ ಬೆಳೆದವರು ನಾವು. ಅಂಥ ಊರಿನಿಂದ ಹೋಗಿ ಇನ್ನೊಬ್ಬರ ಸಿಹಿನೀರಿನ ಬಾವಿ ಕೆಡಿಸಿ ಬರೋದಾದರೆ, ಸಮುದ್ರ ನೋಡದಿದ್ದರೂ ನಡೆಯುತ್ತೆ.

ಹಾಗಾಗಿ ಕರಾವಳಿಯವರ ದೂರು ನನಗೆ ಅರ್ಥವಾಗುತ್ತೆ. ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡ್ತಾ ಇದ್ದಾರೆ. ಪ್ರವಾಸಿಗರಾದ ನಮ್ಮ ಕಣ್ಣಿಗೆ ಖಾಲಿ ಕಾಣೋ ಮರಳು ಅವರಿಗೆ ಮೀನು ಒಣಗಿಸೋ ಕಣ, ದೋಣಿ ಎಳೆಯೋ ಅಂಗಳ. ರಾತ್ರಿ ಕಡಲಾಮೆಗಳು ಮೊಟ್ಟೆ ಇಡೋಕೆ ಬರೋದೂ ಅದೇ ದಂಡೆಗೆ. ನಿಮ್ಮ ಗಾಡಿಯ ಬಣ್ಣಬಣ್ಣದ ಎಲ್‌ಇಡಿ ಮಾಲೆ ಅವಕ್ಕೆ ದಾರಿ ತಪ್ಪಿಸುತ್ತೆ. ಬ್ಲೂ ಫ್ಲ್ಯಾಗಿನ ಷರತ್ತಿನಲ್ಲೇ ಬೀಚಿನ ಮೇಲೆ ಅನುಮತಿಯಿಲ್ಲದೆ ಬಿಡಾರ ಹೂಡೋದು, ಗಾಡಿ ಓಡಿಸೋದು, ಕಸ ಸುರಿಯೋದು ನಿಷಿದ್ಧ. ಸರಿಯಾಗಿಯೇ ಇದೆ. ಟೈರು ನೀರಿಗೆ ತಾಗಿಸಿಕೊಂಡು ತೆಗೆದ ಡ್ರೋನ್ ವಿಡಿಯೋ ಹಾಕೋ ಮಂದಿಗೆ ಮೊದಲು ದಂಡ ಹಾಕಬೇಕು, ಆಮೇಲೆ ಉಪ್ಪುನೀರು ತಾಗಿದ ಚಾಸಿಗೆ ಎಂಥಾ ತುಕ್ಕು ಹಿಡಿಯುತ್ತೆ ಅಂತ ಗಾಡಿ ಮಾಲೀಕರು ಉಳಿದದ್ದನ್ನು ಹೇಳ್ತಾರೆ.

ಆದರೆ ನಿಷೇಧ ಅರ್ಧ ಕೆಲಸ ಮಾತ್ರ. ಇಲ್ಲಿ ನಿಲ್ಲಿಸಬೇಡಿ ಅಂತ ಬೋರ್ಡು ಹಾಕೋ ಸರ್ಕಾರ, ಅಲ್ಲಿ ನಿಲ್ಲಿಸಿ ಅಂತ ಇನ್ನೊಂದು ಬೋರ್ಡು ಯಾಕೆ ಹಾಕೋದಿಲ್ಲ? ಕೇಳಿದರೆ ಸಿಆರ್‌ಝಡ್ ಅಂತಾರೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಓದಿ ನೋಡಿ. ಉಬ್ಬರದ ಗೆರೆಯಿಂದ ಹತ್ತು ಮೀಟರ್ ಬಿಟ್ಟು ತಾತ್ಕಾಲಿಕ ಶೌಚಾಲಯ, ಬಟ್ಟೆ ಬದಲಾಯಿಸೋ ಕೋಣೆ, ಶವರ್ ಹಾಕೋಕೆ ಅದರಲ್ಲೇ ಅವಕಾಶ ಇದೆ. ಹೆದ್ದಾರಿ ಹಾಯ್ದುಹೋಗೋ ಕಡೆ ರಸ್ತೆಯಿಂದ ಒಳನಾಡಿನ ಬದಿಗೆ ರೆಸಾರ್ಟು, ಹೋಟೆಲಿಗೂ ದಾರಿ ಮಾಡಿಕೊಟ್ಟಿದ್ದಾರೆ. ರೆಸಾರ್ಟಿಗೆ ಸಿಗೋ ಜಾಗ, ಕ್ರೂಸರಿನವರು ಇಳಿದು ಅನ್ನ ಬೇಯಿಸಿಕೊಳ್ಳೋ ಒಂದು ಅಂಗಳಕ್ಕೆ ಯಾಕೆ ಸಿಗೋದಿಲ್ಲ? ನಾನು ಬೀಚಿನ ಮೇಲೆ ಜಾಗ ಕೊಡಿ ಅಂತ ಕೇಳ್ತಾ ಇಲ್ಲ. ಒಂದು ಕಿಲೋಮೀಟರ್ ಹಿಂದೆ ಕೊಡಿ. ಅವ್ವನನ್ನು ಆಟೋದಲ್ಲಿ ಕರಕೊಂಡು ಹೋಗ್ತೀನಿ, ಊರಿನ ಆಟೋದವರಿಗೂ ನಾಲ್ಕು ಕಾಸು.

ಜೀವದ ಪ್ರಶ್ನೆಯೂ ಇದರಲ್ಲಿದೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು ಸಮುದ್ರ ಪಾಲಾದರು. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು. ಆಮೇಲೆ ಬೀಚು ಕೆಲ ಕಾಲ ಬಂದ್. ಕೆರೆ, ಕಾಲುವೆ ನೋಡಿ ಬೆಳೆದವರಿಗೆ ಅಲೆ ವಾಪಸು ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತೆ ಅನ್ನೋದು ಗೊತ್ತಿರೋದಿಲ್ಲ, ಹೇಳುವವರೂ ಇರೋದಿಲ್ಲ. ಒಳನಾಡಿನ ಮಂದಿ ರಾತ್ರಿಯೆಲ್ಲಾ ಪ್ರಯಾಣ ಮಾಡಿ, ನಿದ್ದೆಗೆಟ್ಟು, ಮುಖ ತೊಳೆಯೋಕೂ ಜಾಗವಿಲ್ಲದೆ ಬಸ್ಸಿನಿಂದ ಇಳಿದವರೇ ಸೀದಾ ನೀರಿಗೆ ಓಡ್ತಾರೆ, ಯಾಕಂದರೆ ಸಂಜೆಗೆ ಇನ್ನೊಂದು ಊರು ಮುಟ್ಟಬೇಕು. ಒಂದು ತಂಗುದಾಣ ಇದ್ದಿದ್ದರೆ ಅಲ್ಲಿ ಗಾಡಿ ನೋಂದಾಯಿಸುವಾಗಲೇ, ಇವತ್ತು ಸಮುದ್ರ ಹೇಗಿದೆ, ಎಲ್ಲಿ ಇಳಿಯಬೇಕು, ಎಲ್ಲಿ ಬೇಡ, ಜೀವರಕ್ಷಕರು ಎಷ್ಟು ಹೊತ್ತಿನವರೆಗೆ ಇರ್ತಾರೆ ಅಂತ ಐದು ನಿಮಿಷ ಹೇಳಬಹುದಿತ್ತು. ಎಷ್ಟು ಮಂದಿ ಬಂದಿದ್ದಾರೆ ಅನ್ನೋ ಲೆಕ್ಕವಾದರೂ ಇರ್ತಿತ್ತು.

ಇದಕ್ಕೆಲ್ಲಾ ದುಡ್ಡೆಲ್ಲಿ ಅನ್ನುವವರು ಯುಗಾದಿಗೆ ಮುಂಚೆ ನಮ್ಮ ಜಿಲ್ಲೆಗೆ ಬನ್ನಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯೋ ಮಂದಿ ರಾಯಚೂರು ಜಿಲ್ಲೆಯ ದಾರಿಗಳಲ್ಲಿ ಸಾವಿರಗಟ್ಟಲೆ ಹಾಯ್ದು ಹೋಗ್ತಾರೆ. ಹಿಂದೆ ಸಾಮಾನಿನ ಬಂಡಿ, ಟ್ರ್ಯಾಕ್ಟರ್. ಊರೂರಿಗೂ ಶಾಮಿಯಾನ, ದಾಸೋಹ, ಮಜ್ಜಿಗೆ, ನಡೆದು ಬಾತ ಕಾಲಿಗೆ ಎಣ್ಣೆ. ಬರಗಾಲದ ವರ್ಷವೂ ಇದು ನಿಲ್ಲೋದಿಲ್ಲ. ಯಾವ ನೀತಿ, ಯಾವ ಟೆಂಡರೂ ಇಲ್ಲ. ಅಲ್ಲೂ ಶೌಚಕ್ಕೆ ಬಯಲೇ ಗತಿ, ಅದನ್ನು ಮುಚ್ಚಿಡೋದಿಲ್ಲ. ಊರಿನವರ ಕೈಯಲ್ಲಿ ಆಗದ ಆ ಒಂದು ಕೆಲಸವನ್ನಾದರೂ ಸರ್ಕಾರ ಮಾಡಬೇಕಲ್ಲ.

ನಮ್ಮಂಥ ಸಂಬಳದವರು ಒಂದು ತಪ್ಪು ದಾರಿ ಹಿಡಿಯೋ ಸಾಧ್ಯತೆ ಇದೆ. ದುಡ್ಡು ಕೊಟ್ಟು ಸಮಸ್ಯೆಯಿಂದ ತಪ್ಪಿಸಿಕೊಳ್ಳೋದು ನಮಗೆ ಅಭ್ಯಾಸ. ಕರೆಂಟು ಹೋದರೆ ಜನರೇಟರ್, ನಲ್ಲಿ ನೀರು ಬರದಿದ್ದರೆ ಟ್ಯಾಂಕರ್, ಸಾರ್ವಜನಿಕ ಶೌಚಾಲಯ ಇಲ್ಲದಿದ್ದರೆ ಶೌಚಾಲಯ ಇರೋ ಗಾಡಿ. ಆದರೆ ಈ ಗಾಡಿಯ ವಿಷಯದಲ್ಲಿ ಆ ಉಪಾಯ ನಡೆಯೋದಿಲ್ಲ. ಟ್ಯಾಂಕರಿನ ನೀರಿನ ಹಾಗೆ ಹೊಲಸನ್ನೂ ಕೊಂಡು ಮುಗಿಸೋಕೆ ಬರೋದಿಲ್ಲ, ಎಲ್ಲೋ ಒಂದು ಕಡೆ ನಿಲ್ಲಿಸಿ ಮುಚ್ಚಳ ತೆಗೆಯಲೇಬೇಕು. ಆ ಎಲ್ಲೋ ಒಂದು ಕಡೆ ಸಾರ್ವಜನಿಕವಾಗಿ ಇರಬೇಕು ಅಂತ ಕೇಳೋ ದನಿ ಕ್ರೂಸರಿನವರಿಗಿಂತ ನಮ್ಮದು ಜೋರಾಗಿ ಕೇಳಿಸುತ್ತೆ, ದುರದೃಷ್ಟ. ಕೇಳುವಾಗ ಕ್ಯಾರವಾನ್‌ಗಳಿಗೆ ಮಾತ್ರ ಅಂತ ಕೇಳಬೇಡಿ. ಹಾಗೆ ಕೇಳಿದರೆ ಗೇಟು, ಸೆಕ್ಯುರಿಟಿ, ಐದಂಕಿಯ ದರ ಬಂದು ಕೂರುತ್ತೆ, ಕ್ರೂಸರು ಮತ್ತೆ ರಸ್ತೆ ಬದಿಗೇ.

ಬೇಕಾಗಿರೋದು ದೊಡ್ಡದೇನಲ್ಲ. ಹೆದ್ದಾರಿಯಿಂದ ಒಳಬದಿಗೆ ಒಂದೆರಡು ಎಕರೆ ಗಟ್ಟಿ ನೆಲ. ಇಪ್ಪತ್ತು ಮೂವತ್ತು ಗಾಡಿಗೆ ಗೆರೆ ಎಳೆದ ಜಾಗ, ನಾಲ್ಕಾದರೂ ಬಸ್ಸು ಲಾರಿಗೆ. ಹೆಂಗಸರಿಗೆ ಹೆಚ್ಚು ಶೌಚಾಲಯ, ಬಾಗಿಲಿಗೆ ಒಳಗಿನಿಂದ ಚಿಲಕ, ಒಳಗೆ ದೀಪ. ಅಡುಗೆಗೆ ಒಂದು ಕಟ್ಟೆ, ಪಾತ್ರೆ ತೊಳೆಯೋಕೆ ನಲ್ಲಿ, ಕುಡಿಯೋ ನೀರಿಗೆ ಮೀಟರು. ಗಾಡಿಯ ಹೊಲಸಿಗೆ ಮುಚ್ಚಿದ ಟ್ಯಾಂಕು, ಅದನ್ನು ಹೀರಿಕೊಂಡು ಶುದ್ಧೀಕರಣ ಘಟಕಕ್ಕೆ ಒಯ್ಯೋ ಗಾಡಿಯ ವೇಳಾಪಟ್ಟಿ ಗೋಡೆಯ ಮೇಲೆ. ರಾತ್ರಿ ಕಡಲ ಕಡೆಗೆ ದೀಪವಿಲ್ಲ. ಶುಲ್ಕ ಗಾಡಿಯ ಉದ್ದ ನೋಡಿ, ಊಟ ಮಾರೋ ಹಕ್ಕು ಊರಿನ ಮೀನುಗಾರ ಹೆಂಗಸರ ಸಂಘಕ್ಕೆ, ಲೆಕ್ಕ ಗ್ರಾಮ ಪಂಚಾಯಿತಿಗೆ. ಎಲ್ಲಾ ಕಡೆ ಒಟ್ಟಿಗೆ ಬೇಡ. ಬಾವುಟ ಇರೋ ಎರಡೇ ಊರಲ್ಲಿ, ಕಾಸರಕೋಡು ಮತ್ತು ಪಡುಬಿದ್ರಿಯಲ್ಲಿ, ಮೊದಲು ಮಾಡಿ ನೋಡಲಿ. ಮಳೆಗಾಲ ಮುಗಿದ ಕೂಡಲೇ ಕೈ ಹಚ್ಚಲಿ, ಶಾಲೆ ಪ್ರವಾಸದ ಬಸ್ಸುಗಳು ಘಟ್ಟ ಇಳಿಯೋಕೆ ಶುರುವಾಗೋದರೊಳಗೆ.